ಹನ್ನೊಂದು ಅಡುಗೆ ಪುಸ್ತಕಗಳಿದ್ದರೂ ನಾಳೆ ಏನು ಮಾಡುವುದು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ನಾನು ಇಲ್ಲೇ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ, ನಮ್ಮ ಯಜಮಾನರು ದಿನವೂ ಬೆಳಿಗ್ಗೆ ರೈಲಿನಲ್ಲಿ ಮಂಡ್ಯಕ್ಕೆ ಹೋಗಿಬರುತ್ತಾರೆ. ಇಬ್ಬರು ಮಕ್ಕಳಿದ್ದಾರೆ, ಮದ್ದೂರು ಕಡೆಯ ನಮ್ಮತ್ತೆಯವರು ಜೊತೆಗಿದ್ದಾರೆ. ಬೆಳಿಗ್ಗೆ ಏಳೂವರೆಯೊಳಗೆ ನಾಲ್ಕು ಡಬ್ಬಿ ತುಂಬಬೇಕು, ರಾತ್ರಿ ಅತ್ತೆಯವರಿಗೆ ಮುದ್ದೆ ಆಗಲೇಬೇಕು. ಮನೆಯಲ್ಲಿ ಹನ್ನೊಂದು ಅಡುಗೆ ಪುಸ್ತಕಗಳಿವೆ, ಅಮ್ಮ ಬರೆದುಕೊಟ್ಟ ನೋಟ್‌ಬುಕ್ ಇದೆ, ಪತ್ರಿಕೆಗಳಿಂದ ಕತ್ತರಿಸಿಟ್ಟ ಹಾಳೆಗಳು ಒಂದು ಚೀಲದ ತುಂಬ ಇವೆ. ಇಷ್ಟಿದ್ದರೂ ರಾತ್ರಿ ಒಂಬತ್ತು ಗಂಟೆಗೆ ‘ನಾಳೆ ಏನು’ ಎಂದು ತಲೆ ಕೆಡುತ್ತದೆ, ಕೊನೆಗೆ ಅದೇ ಟೊಮೇಟೊ ಬಾತು, ಅದೇ ಚಿತ್ರಾನ್ನ. ಇವನ್ನೆಲ್ಲ ವಿಂಗಡಿಸಿಕೊಂಡು ವಾರದ ಅಡುಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಹೇಗೆ? ಕಂಪ್ಯೂಟರಿಗೆ ಹಾಕಿಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಹನ್ನೊಂದು ಪುಸ್ತಕಗಳಲ್ಲ, ‘ರಾತ್ರಿ ಒಂಬತ್ತು ಗಂಟೆ’ ಎಂಬ ಮಾತು. ಆ ಹೊತ್ತಿಗೆ ಉದ್ದು ನೆನೆಹಾಕಿದರೆ ಅದು ನೆನೆಯಲು ನಾಲ್ಕು ಗಂಟೆ, ರುಬ್ಬಿದ ಹಿಟ್ಟು ಹುಳಿ ಬರಲು ಕಡಿಮೆಯೆಂದರೂ ಎಂಟು ಗಂಟೆ ಬೇಕಾಗುವುದರಿಂದ ಬೆಳಗಿನ ಇಡ್ಲಿ ದೋಸೆಗಳ ಬಾಗಿಲು ಆಗಲೇ ಮುಚ್ಚಿರುತ್ತದೆ. ಹುರುಳಿಯನ್ನೋ ಕಡಲೆಕಾಳನ್ನೋ ನೆನೆಹಾಕಲು ಅದೇ ಕೊನೆಯ ಗಳಿಗೆ, ಆದರೆ ಪುಸ್ತಕಗಳನ್ನು ತಿರುವಿಹಾಕುತ್ತ ಕೂತರೆ ಅದೂ ಕೈ ತಪ್ಪುತ್ತದೆ. ಕೊನೆಗೆ ಉಳಿಯುವುದು ಯಾವ ಪೂರ್ವಸಿದ್ಧತೆಯನ್ನೂ ಬೇಡದ ಟೊಮೇಟೊ ಬಾತು ಮತ್ತು ಚಿತ್ರಾನ್ನ ಮಾತ್ರ. ಅಂದರೆ ನಿಮಗೆ ಅಡುಗೆಗಳು ತಿಳಿಯದೆ ಈ ತೊಂದರೆ ಬಂದಿಲ್ಲ, ತಿಳಿದ ಅಡುಗೆಗಳು ತಕ್ಕ ಹೊತ್ತಿಗೆ ನೆನಪಾಗದೆ ಬಂದಿದೆ. ಆದ್ದರಿಂದ ವಿಂಗಡಿಸುವಾಗ ಪ್ರತಿ ಅಡುಗೆಗೂ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಸಾರೋ ಪಲ್ಯವೋ ಸಿಹಿಯೋ’ ಎಂಬುದಲ್ಲ, ‘ಇದರ ಕೆಲಸ ಯಾವಾಗ ಶುರುವಾಗಬೇಕು’ ಎಂಬುದು.

ಅಡುಗೆ ಪುಸ್ತಕಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ, ಎಂದೂ ಕೇಳಿದ್ದಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ದಲ್ಲಿಯೇ ಹಿಟ್ಟಿನ ತಿನಿಸುಗಳಿಗೆ ಪಿಷ್ಟಪಾಕ, ತರಕಾರಿಗೆ ಶಾಕಪಾಕ ಎಂದು ಬೇರೆ ಬೇರೆ ಅಧ್ಯಾಯಗಳಿವೆ, ಇಂದಿನ ಪುಸ್ತಕಗಳಲ್ಲಿ ಸಾರುಗಳು, ಗೊಜ್ಜುಗಳು, ಬಾತುಗಳು ಎಂದಿರುವುದೂ ಅದೇ ಕ್ರಮ. ವಾಂಗಿಬಾತು ಮಾಡುವುದೆಂದು ತೀರ್ಮಾನಿಸಿದವರಿಗೆ ಅದನ್ನು ಹುಡುಕಿಕೊಳ್ಳಲು ಆ ಕ್ರಮ ಅನುಕೂಲವಾಗಿದೆ. ಏನು ಮಾಡುವುದೆಂದೇ ತೀರ್ಮಾನವಾಗಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ.

ಇದನ್ನು ನಾನು ತಡವಾಗಿ ಕಲಿತೆ. ಗೃಹವಿಜ್ಞಾನದ ಪಾಠ ಹೇಳುತ್ತಿದ್ದ ಕಾಲದಲ್ಲಿ ಮನೆಯ ಪುಸ್ತಕಗಳಲ್ಲಿದ್ದ ಅಡುಗೆಗಳನ್ನೆಲ್ಲ ಒಂದು ಬೇಸಿಗೆ ರಜೆ ಪೂರ್ತಿ ಕೂತು ಕಾರ್ಡುಗಳಿಗೆ ಇಳಿಸಿದ್ದೆ. ಮುನ್ನೂರಕ್ಕೂ ಹೆಚ್ಚು ಕಾರ್ಡುಗಳು, ಅಕಾರಾದಿಯಾಗಿ ಜೋಡಿಸಿ, ತಗಡಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಟ್ಟಿದ್ದೆ. ಬಂದವರಿಗೆಲ್ಲ ತೋರಿಸಿದ್ದು ಹೌದು. ಜೂನ್ ತಿಂಗಳಲ್ಲಿ ಕಾಲೇಜು ಶುರುವಾದ ಮೇಲೆ ಅಡುಗೆಮನೆಯಲ್ಲಿ ನಿಂತು ಆ ಪೆಟ್ಟಿಗೆಯನ್ನು ತೆರೆದದ್ದು ಹತ್ತು ಸಲವೂ ಇರಲಾರದು. ಈಗ ಅದರಲ್ಲಿ ಗುಂಡಿ, ದಾರ, ಸೂಜಿಗಳಿವೆ. ಹಾಗಾಗಿ ಕಂಪ್ಯೂಟರಿನ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಉತ್ತರ ಚಿಕ್ಕದು: ಬೇಡ. ನಕಲು ಮಾಡುವ ಕೆಲಸವು ಅಡುಗೆ ಮಾಡಿದಷ್ಟೇ ದಣಿವು ತರುತ್ತದೆ, ಊಟ ಮಾತ್ರ ಹಾಕುವುದಿಲ್ಲ. ಪುಸ್ತಕ ಪುಸ್ತಕದ ಜಾಗದಲ್ಲಿಯೇ ಇರಲಿ; ನೀವು ಮಾಡಬೇಕಾದದ್ದು ಅದರೊಳಕ್ಕೆ ಹೋಗುವ ದಾರಿಯನ್ನು ಗುರುತು ಹಾಕಿಕೊಳ್ಳುವುದು ಮಾತ್ರ.

ಆರಂಭದಲ್ಲಿ ಪುಸ್ತಕಗಳನ್ನು ಮುಟ್ಟಲೇಬೇಡಿ. ಕ್ಯಾಲೆಂಡರಿನ ಖಾಲಿ ಚೌಕಗಳಲ್ಲಿ ಹದಿನೈದು ದಿನ, ಮನೆಯಲ್ಲಿ ನಿಜವಾಗಿ ಏನೇನು ಬೇಯಿತೋ ಅದನ್ನು ಬರೆಯಿರಿ. ನಾಚಿಕೆಯಿಲ್ಲದೆ ಚಿತ್ರಾನ್ನವನ್ನು ಐದು ಸಲ ಬರೆಯಿರಿ. ಯಾವ ಡಬ್ಬಿ ಖಾಲಿಯಾಗಿ ಬಂತು, ಯಾವುದು ಅರ್ಧಕ್ಕೆ ಬಂತು ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿ. ಆ ಪಟ್ಟಿಯನ್ನು ಅತ್ತೆಯವರ ಮುಂದಿಟ್ಟು, ಅವರ ಮನೆಯಲ್ಲಿ ಮಾಡುತ್ತಿದ್ದು ನಿಮ್ಮಲ್ಲಿ ಬಿಟ್ಟುಹೋಗಿರುವ ಅಡುಗೆ ಯಾವುದಾದರೂ ಇದೆಯೇ ಎಂದು ಕೇಳಿ. ಉಪ್ಪೆಸರು, ಮಸ್ಸೊಪ್ಪು, ಹುರುಳಿ ಕಟ್ಟಿನ ಸಾರು ಎಂದು ಅವರು ಹೇಳುವ ಐದಾರು ಹೆಸರುಗಳು ಬಹುಶಃ ನಿಮ್ಮ ಹನ್ನೊಂದು ಪುಸ್ತಕಗಳಲ್ಲಿ ಕಾಣಿಸುವುದಿಲ್ಲ. ಕಾಣಿಸಿದರೂ ಆ ಕಡೆಯ ಕೈಯ ರುಚಿಯಲ್ಲಿರುವುದಿಲ್ಲ. ನಿಮ್ಮ ಅಡುಗೆಮನೆಯ ಮೂಲಧನವೆಂದರೆ ಈ ಪಟ್ಟಿ. ಇದಕ್ಕೆ ತಿಂಗಳಿಗೆ ನಾಲ್ಕು ಹೊಸದನ್ನು ಸೇರಿಸುವುದಷ್ಟೇ ಪುಸ್ತಕಗಳ ಕೆಲಸ.

ಅನಂತರ ಒಂದೊಂದೇ ಪುಸ್ತಕವನ್ನು ಪೆನ್ಸಿಲ್ ಹಿಡಿದು ನೋಡಿ. ನೋಡತೊಡಗಿದಾಗ ತಿಳಿಯುವುದೇನೆಂದರೆ, ನಮ್ಮ ಪುಸ್ತಕಗಳಲ್ಲಿ ಅಡುಗೆಗಳಿಗಿಂತ ಅಡುಗೆಯ ಹೆಸರುಗಳು ಹೆಚ್ಚು. ನುಗ್ಗೆಕಾಯಿ ಹುಳಿ, ಮೂಲಂಗಿ ಹುಳಿ, ಬೂದುಗುಂಬಳದ ಹುಳಿ, ಹುರುಳಿಕಾಯಿ ಹುಳಿ ಎಂದು ನಾಲ್ಕು ಪುಟ ಇದ್ದರೂ ಇರುವ ಹುಳಿ ಒಂದೇ. ಐದಾರು ಜನಕ್ಕೆ ಮುಕ್ಕಾಲು ಲೋಟ ತೊಗರಿಬೇಳೆ, ಎರಡು ಲೋಟ ಹೆಚ್ಚಿದ ತರಕಾರಿ, ನಿಂಬೆಗಾತ್ರದ ಹುಣಸೆ, ಒಂದು ಹಿಡಿ ಕಾಯಿತುರಿಯೊಂದಿಗೆ ರುಬ್ಬಿದ ಎರಡು ದೊಡ್ಡ ಚಮಚ ಹುಳಿಪುಡಿ, ಉಪ್ಪು, ಚೂರು ಬೆಲ್ಲ, ಒಗ್ಗರಣೆ; ಇಷ್ಟನ್ನು ಒಂದು ಕಡೆ ಬರೆದುಕೊಂಡರೆ ನಾಲ್ಕು ಪುಟಗಳೂ ಮುಗಿದವು. ತರಕಾರಿಯಿಂದ ತರಕಾರಿಗೆ ಬದಲಾಗುವ ಸಂಗತಿಗಳನ್ನು ಅದರ ಕೆಳಗೆ ಒಂದೊಂದು ಸಾಲಿನಲ್ಲಿ ಸೇರಿಸಿ: ಹೀರೇಕಾಯಿ ಬೇಗ ಕರಗುತ್ತದೆ, ಬೇಳೆ ಬೆಂದ ಮೇಲೆ ಹಾಕಬೇಕು, ಬದನೆಯನ್ನು ನೀರಿಗೆ ಹೆಚ್ಚಬೇಕು, ಇಲ್ಲವಾದರೆ ಕಪ್ಪಾಗುತ್ತದೆ, ಸುವರ್ಣಗೆಡ್ಡೆಯನ್ನು ಹುಣಸೆ ನೀರಿನಲ್ಲಿ ಬೇಯಿಸಿದರೆ ಗಂಟಲ ಕೆರೆತ ತಗ್ಗುತ್ತದೆ. ಉಳಿದೆಲ್ಲ ತರಕಾರಿಗಳಲ್ಲಿ ಹುಣಸೆ ರಸವನ್ನು ಬೇಳೆ ಮತ್ತು ಹೋಳು ಮೆತ್ತಗಾದ ಮೇಲೆಯೇ ಬೆರೆಸಬೇಕು, ಹುಳಿ ಮೊದಲೇ ಬಿದ್ದರೆ ಎರಡೂ ಬೇಯಲು ತಡವಾಗುತ್ತದೆ. ಪಲ್ಯ, ಗೊಜ್ಜು, ಮಜ್ಜಿಗೆಹುಳಿ, ಕಲಸಿದನ್ನಗಳು, ಕೋಸಂಬರಿ ಎಂದು ಹೀಗೆ ಒಂದೊಂದಕ್ಕೂ ಒಂದೊಂದು ಅಚ್ಚು ಮಾಡಿಕೊಂಡಾಗ ನೂರಾರು ಪುಟಗಳು ಹತ್ತು ಹನ್ನೆರಡು ಅಚ್ಚುಗಳಾಗಿ ಇಳಿಯುತ್ತವೆ. ಯಾವ ಅಚ್ಚಿಗೂ ಬಾರದೆ ತಾನೇ ತಾನಾಗಿ ನಿಲ್ಲುವ ಅಡುಗೆಗಳು ಪುಸ್ತಕವೊಂದಕ್ಕೆ ಹೆಚ್ಚೆಂದರೆ ಇಪ್ಪತ್ತು ಸಿಕ್ಕಾವು. ಅವುಗಳಲ್ಲಿ ಬರುವ ಒಂದು ತಿಂಗಳೊಳಗೆ ಮಾಡುವ ಮನಸ್ಸು ನಿಜವಾಗಿ ಇರುವಂಥವಕ್ಕೆ ಮಾತ್ರ ಟಿಕ್ ಹಾಕಿ, ‘ಎಂದಾದರೂ’ ಎನಿಸಿದ್ದನ್ನು ಬಿಟ್ಟುಬಿಡಿ.

ಟಿಕ್ ಹಾಕಿದವನ್ನು ಈಗ ಹೊತ್ತಿನ ಲೆಕ್ಕದಲ್ಲಿ ಹಂಚಬೇಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಅಂಟಿನ ಬಣ್ಣದ ಚೀಟಿಗಳು ಇದಕ್ಕೆ ಸಾಕು. ಹಿಂದಿನ ಸಂಜೆಯೇ ಕೈ ಹಚ್ಚಬೇಕಾದವಕ್ಕೆ ಒಂದು ಬಣ್ಣ: ಹಿಟ್ಟು ಹುಳಿ ಬರಬೇಕಾದವು, ಕಾಳು ನೆನೆಯಬೇಕಾದವು, ಮೊಳಕೆ ಬರಬೇಕಾದವು. ಕಡಲೆಕಾಳು, ಹುರುಳಿಗೆ ಎಂಟು ಗಂಟೆ ಬೇಕು, ಹೆಸರುಕಾಳಿಗೆ ಐದಾರು ಗಂಟೆ ಸಾಕು. ಮೊಳಕೆಯಾಗಬೇಕಾದರೆ ಇನ್ನೊಂದು ದಿನ ಕೂಡಿಸಿಕೊಳ್ಳಿ. ಪುಸ್ತಕದಲ್ಲಿ ‘ಹಿಟ್ಟನ್ನು ರಾತ್ರಿಯಿಡೀ ಇಡಿ’ ಎಂದು ಬರೆದಿದ್ದರೆ ಅದರ ಪಕ್ಕದಲ್ಲಿ ಕಾಲವನ್ನೂ ಬರೆದುಕೊಳ್ಳಿ, ಏಕೆಂದರೆ ಏಪ್ರಿಲ್‌ನಲ್ಲಿ ಎಂಟು ಗಂಟೆಗೆ ಪಾತ್ರೆಯಿಂದ ಉಕ್ಕಿ ಬರುವ ಹಿಟ್ಟು ಡಿಸೆಂಬರ್ ಚಳಿಯಲ್ಲಿ ಹನ್ನೆರಡು ಗಂಟೆಯಾದರೂ ಅಲ್ಲಾಡದೆ ಕೂತಿರುವುದುಂಟು.

ಎರಡನೆಯ ಬಣ್ಣ, ಪುಡಿಯೊಂದು ಡಬ್ಬಿಯಲ್ಲಿದ್ದರೆ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಮುಗಿಯುವಂಥವಕ್ಕೆ. ವಾಂಗಿಬಾತು, ಬಿಸಿಬೇಳೆ ಬಾತು, ಪುಳಿಯೋಗರೆ, ಪುಡಿ ಉದುರಿಸಿ ಮಾಡುವ ಪಲ್ಯಗಳು ಇಲ್ಲಿ ಬರುತ್ತವೆ. ಇವುಗಳ ನಿಜವಾದ ಕೆಲಸವಿರುವುದು ಪುಡಿ ಹುರಿಯುವ ದಿನ. ಆದ್ದರಿಂದ ಯೋಜನೆಯಲ್ಲಿ ಬರೆಯಬೇಕಾದದ್ದು ‘ಬುಧವಾರ ವಾಂಗಿಬಾತು’ ಎಂದಲ್ಲ, ‘ತಿಂಗಳ ಮೊದಲ ಭಾನುವಾರ ಪುಡಿ’ ಎಂದು. ಪುಡಿ ಇದ್ದ ಮೇಲೆ ಬುಧವಾರ ತಾನಾಗಿಯೇ ಬರುತ್ತದೆ. ನಮ್ಮ ಈರನಗೆರೆ ಬದನೆಕಾಯಿ ಮಾರುಕಟ್ಟೆಯಲ್ಲಿ ಕಂಡ ದಿನ ವಾಂಗಿಬಾತಿನ ಪುಡಿ ಮನೆಯಲ್ಲಿಲ್ಲದೆ ಹೋಗುವುದಕ್ಕಿಂತ ಬೇಸರದ ಸಂಗತಿ ಈ ಊರಿನವರಿಗೆ ಬೇರೊಂದಿಲ್ಲ.

ಮೂರನೆಯದು ಕೂತು ಮಾಡುವ ಅಡುಗೆಗಳು. ಇಲ್ಲಿ ಪುಸ್ತಕಗಳನ್ನು ನಂಬಬೇಡಿ. ಹಿದಕಬೇಳೆ ಸಾರಿಗೆ ‘ತಯಾರಿಸುವ ಸಮಯ 30 ನಿಮಿಷ’ ಎಂದು ಅಚ್ಚಾಗಿರುತ್ತದೆ, ಆ ಮೂವತ್ತು ನಿಮಿಷ ಶುರುವಾಗುವುದು ‘ಹಿದುಕಿದ ಅವರೆ ಎರಡು ಲೋಟ’ ಎಂಬ ಸಾಲಿನ ನಂತರ. ಕಾಯಿ ಸುಲಿದವರು ಯಾರು, ಕಾಳನ್ನು ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿ ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಒತ್ತಿ ಸಿಪ್ಪೆ ಹಾರಿಸಿದವರು ಯಾರು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಸಾಮಗ್ರಿಗಳ ಪಟ್ಟಿಯಲ್ಲಿ ‘ಸುಲಿದ’, ‘ತುರಿದ’, ‘ಹಿದುಕಿದ’, ‘ಹುರಿದು ಪುಡಿಮಾಡಿದ’ ಎಂಬ ಮಾತು ಕಂಡಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ, ಆ ಕೆಲಸದ ನಿಮಿಷಗಳನ್ನು ನಿಮ್ಮ ಕೈಯ ವೇಗಕ್ಕೆ ತಕ್ಕಂತೆ ಕೂಡಿಸಿ ಬರೆಯಿರಿ. ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಅವರೆ ಹಿದುಕುವ ಭಾನುವಾರಕ್ಕೆ ಇವು ಸಲ್ಲುತ್ತವೆ, ಶಾಲೆಯ ದಿನಕ್ಕಲ್ಲ.

ನಾಲ್ಕನೆಯದು ಏನೂ ಇಲ್ಲದ ದಿನದ್ದು: ಉಪ್ಪಿಟ್ಟು, ಅವಲಕ್ಕಿ, ನಿಮ್ಮ ಚಿತ್ರಾನ್ನ. ಇವಕ್ಕೆ ಚೀಟಿ ಬೇಕಿಲ್ಲ, ಬಾಯಿಪಾಠ ಇರುತ್ತವೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಬೆಳಗಿನ ಚಿತ್ರಾನ್ನಕ್ಕೆಂದು ರಾತ್ರಿಯೇ ಅನ್ನ ಮಾಡಿಡುವುದಾದರೆ ಅದನ್ನು ಕುಕ್ಕರಿನಲ್ಲಿಯೇ ಬಿಟ್ಟು ಮಲಗಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಉಳಿದುಕೊಂಡು, ಅನ್ನ ಬೆಚ್ಚಗಿರುವಾಗ ಬೆಳೆದು ವಿಷವನ್ನು ಬಿಡುತ್ತವೆ. ಆ ವಿಷ ಬೆಳಿಗ್ಗೆ ಒಗ್ಗರಣೆಯಲ್ಲಿ ಕಲಸಿ ಬಿಸಿ ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಇಷ್ಟಾದ ಮೇಲೆ ಒಂದು ಇನ್ನೂರು ಪುಟದ ಬರೆಯುವ ಪುಸ್ತಕದಲ್ಲಿ ಪ್ರತಿ ಅಡುಗೆಗೂ ಒಂದೇ ಸಾಲು ಕೊಡಿ. ಪುಸ್ತಕಗಳಿಗೆ ಅ, ಆ, ಇ ಎಂದು ಬೆನ್ನಿನ ಮೇಲೆ ಗುರುತು ಹಾಕಿದ್ದರೆ ಆ ಸಾಲು ಹೀಗಿರುತ್ತದೆ: ‘ಮೊಳಕೆ ಹೆಸರುಕಾಳು ಉಸಲಿ, ಇ, ಪುಟ 64, ಹಿಂದಿನ ದಿನ ಬೆಳಿಗ್ಗೆ ನೆನೆ, ರಾತ್ರಿ ಬಟ್ಟೆಯಲ್ಲಿ ಕಟ್ಟು, ಬೆಳಿಗ್ಗೆ 20 ನಿಮಿಷ, ಡಬ್ಬಿಗೆ ಆಗುತ್ತದೆ.’ ಕೊನೆಯ ಮಾತು ನಿಮ್ಮಂಥವರಿಗೆ ಬಹಳ ಮುಖ್ಯ. ಸಾರು ಚೆಲ್ಲುವ, ಆರಿದರೆ ಗಟ್ಟಿಯಾಗುವ, ಮಧ್ಯಾಹ್ನದ ಹೊತ್ತಿಗೆ ಹಳಸುವ ಅಡುಗೆ ಎಷ್ಟೇ ರುಚಿಯಾಗಿದ್ದರೂ ರೈಲು ಹತ್ತಬಾರದು. ಹಸಿ ಕಾಯಿ ರುಬ್ಬಿ ಹಾಕಿದ್ದಕ್ಕೆ ಬೇಸಿಗೆಯಲ್ಲಿ ಈ ಗುರುತನ್ನು ಕೊಡಬೇಡಿ.

ಇನ್ನು ವಾರವನ್ನು ಕಟ್ಟುವ ವಿಚಾರ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಡಬ್ಬಿ, ರಾತ್ರಿ ಮುದ್ದೆ ಎಂಬ ಎರಡು ಬೇಡಿಕೆಗಳಿರುವುದನ್ನು ನೀವು ಎರಡು ಕಷ್ಟಗಳೆಂದು ಬರೆದಿದ್ದೀರಿ. ನಿಮ್ಮತ್ತೆಯವರ ಸೀಮೆಯ ಬಸ್ಸಾರು ಇವೆರಡನ್ನೂ ಒಂದೇ ಪಾತ್ರೆಯಲ್ಲಿ ತೀರಿಸಿಬಿಡುತ್ತದೆ. ರಾತ್ರಿ ನೆನೆದ ಕಾಳನ್ನು ಬೆಳಿಗ್ಗೆ ಧಾರಾಳವಾಗಿ ನೀರಿಟ್ಟು ಬೇಯಿಸಿ, ಮುಕ್ಕಾಲು ಬೆಂದಾಗ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಹಾಕಿ ಬಸಿದರೆ ಮೇಲೆ ಕಾಳು ಮತ್ತು ಸೊಪ್ಪು, ಕೆಳಗೆ ಕಟ್ಟು. ಮೇಲಿನದಕ್ಕೆ ಒಗ್ಗರಣೆ, ಕಾಯಿತುರಿ ಬಿದ್ದರೆ ಪಲ್ಯವಾಗಿ ಚಪಾತಿಯ ಜೊತೆ ಡಬ್ಬಿಗೆ ಹೋಗುತ್ತದೆ. ಒಂದು ಸೌಟು ಕಾಳುಸೊಪ್ಪನ್ನು ಎತ್ತಿಟ್ಟು, ಆರಿದ ಕಟ್ಟಿನೊಂದಿಗೆ ಫ್ರಿಜ್ಜಿನಲ್ಲಿಟ್ಟರೆ ಸಂಜೆ ಬಂದ ಮೇಲೆ ಅದನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನಪುಡಿ, ಹುಣಸೆ, ಕಾಯಿಯ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸುವುದಷ್ಟೇ ಉಳಿಯುತ್ತದೆ. ಮುದ್ದೆ ತಿರುವುವಷ್ಟರಲ್ಲಿ ಸಾರು ಸಿದ್ಧ. ಬಸ್ಸಾರಿಗೆ ಎರಡನೆಯ ದಿನವೇ ರುಚಿ ಎಂದು ಮಂಡ್ಯದ ಕಡೆ ಹೇಳುವುದನ್ನು ನೀವೂ ಕೇಳಿರುತ್ತೀರಿ. ಫ್ರಿಜ್ಜಿನಲ್ಲಿಟ್ಟು ಮತ್ತೆ ಚೆನ್ನಾಗಿ ಕುದಿಸಿದರೆ ಮಾರನೆಯ ರಾತ್ರಿಯದೂ ಮುಗಿದಂತೆ.

ಪುಸ್ತಕಗಳನ್ನು ವಿಂಗಡಿಸುವಾಗ ಹೀಗೆ ಒಂದು ಕೆಲಸದಿಂದ ಎರಡು ಊಟ ಹುಟ್ಟುವ ಜೋಡಿಗಳನ್ನು ಹುಡುಕಿ, ನಿಮ್ಮ ಸಾಲಿನ ಪಕ್ಕದಲ್ಲಿ ಬಾಣದ ಗುರುತು ಹಾಕಿ. ಇಡ್ಲಿ ಹಿಟ್ಟು ಮೂರನೆಯ ದಿನ ಹುಳಿಯಾದಾಗ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದ ಗುಂಡುಪೊಂಗಲಾಗುತ್ತದೆ. ಬೆಳಿಗ್ಗೆ ಒಟ್ಟಿಗೆ ಬೇಯಿಸಿದ ಎರಡು ಪಾಲು ತೊಗರಿಬೇಳೆಯಲ್ಲಿ ಒಂದು ತೊವ್ವೆಯಾಗಿ, ಫ್ರಿಜ್ಜಿನಲ್ಲಿದ್ದ ಇನ್ನೊಂದು ಮಾರನೆಯ ದಿನ ಹುಳಿಯಾಗುತ್ತದೆ. ಸರಪಣಿ ಎರಡು ಕೊಂಡಿಗಿಂತ ಉದ್ದವಾಗದಿರಲಿ. ಮೂರನೆಯ ದಿನವೂ ಅದೇ ಬೇಳೆ ಬೇರೆ ವೇಷದಲ್ಲಿ ಬಂದರೆ ಮಕ್ಕಳು ಕಂಡುಹಿಡಿಯುತ್ತಾರೆ.

ತರಕಾರಿಯ ಹೆಸರನ್ನು ಯೋಜನೆಯಲ್ಲಿ ಬರೆಯಬೇಡಿ ಎಂಬುದು ನನ್ನ ಹಟ. ‘ಗುರುವಾರ ಹುಳಿ’ ಎಂದಿರಲಿ, ಯಾವ ಹುಳಿ ಎಂಬುದನ್ನು ದೇವರಾಜ ಮಾರುಕಟ್ಟೆಯೋ ನಿಮ್ಮ ಬಡಾವಣೆಯ ತಳ್ಳುಗಾಡಿಯೋ ತೀರ್ಮಾನಿಸಲಿ. ಅಚ್ಚು ಕೈಯಲ್ಲಿರುವವರಿಗೆ ಇದರಿಂದ ತೊಡಕಿಲ್ಲ, ಅಗ್ಗಕ್ಕೆ ಸಿಕ್ಕ ಎಳೆಯ ತರಕಾರಿ ಮನೆಗೆ ಬರುತ್ತದೆ. ಸೊಗಡವರೆಯ ಕಾಲ ಮಾತ್ರ ಇದಕ್ಕೆ ಹೊರತು. ಡಿಸೆಂಬರ್, ಜನವರಿಗಳಲ್ಲಿ ಅವರೆಕಾಳಿನ ಅಡುಗೆಗಳಿಗೇ ಒಂದು ಪುಟವನ್ನು ಬೇರೆ ಮಾಡಿಕೊಳ್ಳಿ: ಉಪ್ಪಿಟ್ಟಿಗೆ, ರೊಟ್ಟಿಗೆ, ಸಾರಿಗೆ, ಹುಳಿಗೆ ಎಲ್ಲಕ್ಕೂ ಅದೇ ಬೀಳುವ ಎರಡು ತಿಂಗಳು ಬೇರೆ ಯೋಜನೆಯನ್ನು ಯಾರು ಕೇಳುತ್ತಾರೆ?

ನಿಮ್ಮ ತಾಯಿಯವರ ನೋಟ್‌ಬುಕ್ಕಿನ ವಿಷಯ ಬೇರೆ. ಅದನ್ನು ಹರಿಯಬೇಡಿ, ನಕಲು ಮಾಡಬೇಡಿ, ಪುಟಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳಿ. ಎಣ್ಣೆ ಕಲೆಯಿರುವ ಪುಟಗಳೇ ಹೆಚ್ಚು ಬಳಕೆಯಾದವು ಎಂಬ ವಿಂಗಡಣೆಯನ್ನು ಅವರು ಆಗಲೇ ಮಾಡಿಟ್ಟಿರುತ್ತಾರೆ. ಅಳತೆಗಳ ತೊಡಕು ಅಲ್ಲಿ ಬಂದೇ ಬರುತ್ತದೆ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು ಎಂಬ ಲೆಕ್ಕ ಎಲ್ಲೆಡೆ ಒಂದೇ, ಆದರೆ ಮನೆಮನೆಯ ಪಾವು ಒಂದೇ ಅಲ್ಲ. ತವರಿನ ಪಾವು ಇನ್ನೂ ಇದ್ದರೆ ಅದರ ತುಂಬ ಅಕ್ಕಿ, ಬೇಳೆ, ರವೆ ತುಂಬಿ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಗ್ರಾಂ ಲೆಕ್ಕ ಬರೆದಿಡಿ. ‘ಹದವಾಗಿ’, ‘ಬೇಕಾದಷ್ಟು’ ಎಂದಿರುವ ಕಡೆ ಅವರನ್ನು ಎಷ್ಟು ಎಂದು ಕೇಳಬೇಡಿ. ಕೇಳಿದ ಕೂಡಲೇ ಕೈ ತಡವರಿಸಿ ಅಳತೆ ತಪ್ಪುತ್ತದೆ, ನಮ್ಮಮ್ಮನ ಹತ್ತಿರ ನಾನು ಹೀಗೆ ಕೇಳಿಯೇ ಒಂದು ದಿನದ ಹುಳಿ ಉಪ್ಪುಪ್ಪಾಗಿತ್ತು. ಅವರು ಒಲೆಯ ಮುಂದೆ ನಿಲ್ಲುವ ಮೊದಲು ಉಪ್ಪಿನ ಡಬ್ಬಿ, ಪುಡಿಯ ಡಬ್ಬಿ, ಬೆಲ್ಲದ ಡಬ್ಬಿಗಳನ್ನು ತೂಗಿ ಬರೆದುಕೊಂಡು, ಅಡುಗೆ ಮುಗಿದ ಮೇಲೆ ಮತ್ತೊಮ್ಮೆ ತೂಗಿ. ಕಡಿಮೆಯಾದಷ್ಟೇ ಅವರ ‘ಹದ’. ಅತ್ತೆಯವರ ಕೈಯ ಬಸ್ಸಾರಿಗೂ ಇದೇ ಉಪಾಯ ಸಲ್ಲುತ್ತದೆ.

ಏಳು ದಿನವನ್ನೂ ತುಂಬಿಸಲು ಹೋಗಬೇಡಿ, ಐದು ದಿನದ್ದನ್ನು ಬರೆದರೆ ಸಾಕು. ಭಾನುವಾರ ಬಾಡೂಟದ ಮನೆಯಾದರೆ ಅದು ತನ್ನ ದಾರಿಯಲ್ಲಿ ನಡೆಯುತ್ತದೆ. ಶ್ರಾವಣದಲ್ಲಿ ನಿಂತಾಗ ಆ ಜಾಗಕ್ಕೆ ಮೂರನೆಯ ಬಣ್ಣದ ಚೀಟಿಯ ಅಡುಗೆಗಳು ಬರಲಿ. ಇನ್ನೊಂದು ರಾತ್ರಿ ಖಾಲಿಯಾಗಿಯೇ ಇರಲಿ, ನೆಂಟರು ಬರುತ್ತಾರೆ, ಗ್ಯಾಸ್ ಮುಗಿಯುತ್ತದೆ, ರೈಲು ತಡವಾಗುತ್ತದೆ. ಚೀಲದ ತುಂಬ ಇರುವ ಪತ್ರಿಕೆಯ ಹಾಳೆಗಳಿಗೂ ತಿಂಗಳೊಳಗೆ ಮಾಡುತ್ತೀರೋ ಇಲ್ಲವೋ ಎಂಬ ಅದೇ ಪರೀಕ್ಷೆಯನ್ನು ಹಚ್ಚಿ, ಗೆದ್ದವನ್ನು ಅಂಟಿಸಿ ಉಳಿದವನ್ನು ರದ್ದಿಗೆ ಹಾಕಿ. ಟಿಕ್ಕೇ ಬೀಳದ ಪುಸ್ತಕಗಳು ಅಟ್ಟಕ್ಕೆ ಹೋಗಲಿ, ಹೆಚ್ಚು ಟಿಕ್ ಬಿದ್ದ ಎರಡು ಮೂರು ಮಾತ್ರ ಅಡುಗೆಮನೆಯ ಕಪಾಟಿನಲ್ಲಿ ಉಳಿಯಲಿ.

ವಾರದ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಾಗ ಪ್ರತಿ ದಿನದ ಅಡುಗೆಯನ್ನು ಅದೇ ದಿನದ ಚೌಕದಲ್ಲಿ ಬರೆದು, ಅದಕ್ಕೆ ಬೇಕಾದ ನೆನೆಹಾಕುವ, ರುಬ್ಬುವ, ಕಟ್ಟಿಡುವ ಕೆಲಸವನ್ನು ಹಿಂದಿನ ದಿನದ ಚೌಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಒಂಬತ್ತು ಗಂಟೆಗೆ ನೀವು ನೋಡಬೇಕಾದದ್ದು ಆ ಕೆಂಪು ಸಾಲನ್ನು ಮಾತ್ರ. ಬರುವ ಸೋಮವಾರಕ್ಕೆ ಬಸ್ಸಾರು ಎಂದು ಈಗಲೇ ಬರೆದುಬಿಡಿ. ಭಾನುವಾರ ರಾತ್ರಿ ನೆನೆಹಾಕಬೇಕಾದ್ದು ಹೆಸರುಕಾಳೋ ಅಲಸಂದೆಯೋ ಎಂಬುದನ್ನು ಅತ್ತೆಯವರನ್ನು ಕೇಳಿ.